ಮುಪ್ಪಿನ ಬಂದಿಗೆ ಬೇಕಿರುವುದು ದಯೆಯಲ್ಲ

ಕೊಲೆ ಪ್ರಕರಣದಲ್ಲಿ ಶಿಕ್ಷೆಯಾದವನು ಜೈಲಿನಲ್ಲೇ ಮುದುಕನಾಗಿ, ಕಾಯಿಲೆ ಬಿದ್ದು, ಸಾವಿಗೆ ಹತ್ತಿರವಾದಾಗ ಅವನಿಗೆ ಏನು ಸಲ್ಲಬೇಕು? ಈ ಪ್ರಶ್ನೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಒಂದು ಸಿದ್ಧ ಉತ್ತರವಿದೆ: ‘ಹೊರಗ ದುಡದು ಉಂಡ ಮುದುಕರಿಗೇ ದವಾಖಾನಿ ಗತಿ ಇಲ್ಲ, ಒಳಗಿದ್ದವರಿಗೆ ಸರಕಾರದ ರೊಕ್ಕದಾಗ ಯಾಕ?’ ಇದನ್ನು ಕಲ್ಲುಮನಸ್ಸಿನವರ ಮಾತು ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಮಳೆಯನ್ನೇ ನೆಚ್ಚಿದ ಹೊಲಗಳು, ಪುಣೆ, ಮುಂಬೈ, ಗೋವಾಗಳಿಗೆ ಗುಳೆ ಹೋಗುವ ಮಕ್ಕಳು, ಮನೆ ಕಾಯುತ್ತ ಊರಲ್ಲಿ ಉಳಿದ ವಯಸ್ಸಾದ ತಂದೆತಾಯಿ, ತಾಲ್ಲೂಕು ಆಸ್ಪತ್ರೆಯಿಂದ ವಿಜಯಪುರಕ್ಕೆ, ಅಲ್ಲಿಂದ ಸೊಲ್ಲಾಪುರಕ್ಕೋ ಮಿರಜಿಗೋ ಸಾಲ ಮಾಡಿ ಅಲೆಯುವ ರೋಗಿಗಳು: ಇಷ್ಟನ್ನೂ ಕಣ್ಣಾರೆ ಕಾಣುವವರ ನ್ಯಾಯಪ್ರಜ್ಞೆಯಿಂದಲೇ ಆ ಮಾತು ಹುಟ್ಟಿದೆ. ತಪ್ಪು ಮಾಡದವನಿಗೆ ಸಿಗದ್ದು ತಪ್ಪು ಮಾಡಿದವನಿಗೆ ಸಿಗಬಾರದು ಎಂಬ ಭಾವನೆ ಅದರ ಬುಡದಲ್ಲಿದೆ. ಆ ಭಾವನೆಗೆ ಉತ್ತರ ಹೇಳದೆ ಮಾನವೀಯತೆಯ ಹೆಸರಿನಲ್ಲಿ ಉಪದೇಶ ಮಾಡಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಆದರೆ ಆ ಒಂದೇ ಮಾತಿನೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ವಾದಗಳು ಹೆಣೆದುಕೊಂಡಿವೆ. ಅವನ್ನು ಬಿಡಿಸಿಟ್ಟು ನೋಡಿದರೆ ಮಾತ್ರ ಯಾವುದರಲ್ಲಿ ಎಷ್ಟು ಹುರುಳಿದೆ ಎಂಬುದು ತಿಳಿಯುತ್ತದೆ.

1. ಶಿಕ್ಷೆ ಎಂದರೆ ಕಷ್ಟ ಅನುಭವಿಸುವುದು. ಜೈಲಿನಲ್ಲಿ ಬರುವ ಕಾಯಿಲೆಯ ನೋವೂ ಆ ಕಷ್ಟದ ಒಂದು ಭಾಗ.

2. ಸರ್ಕಾರದ ಹಣಕ್ಕೆ ಮಿತಿಯಿದೆ. ಅದರಲ್ಲಿ ನಿರಪರಾಧಿ ಬಡವನ ಸರದಿ ಮೊದಲು, ಬಂದಿಯದು ಆಮೇಲೆ.

3. ಮುಪ್ಪು, ಕಾಯಿಲೆ ಎಂಬುದೆಲ್ಲ ಹೊರಗೆ ಬರಲು ಹೂಡುವ ನೆಪ.

ಈ ವಾದಗಳನ್ನು ತೂಗುವ ಮೊದಲು ವೃದ್ಧ ಬಂದಿ ಯಾರು ಎಂಬುದು ಸ್ಪಷ್ಟವಾಗಬೇಕು. ಕಾರಣ, ನಮ್ಮ ಕಲ್ಪನೆಯಲ್ಲಿರುವವನು ಒಬ್ಬ, ಜೈಲಿನಲ್ಲಿರುವವನು ಬಹುಪಾಲು ಇನ್ನೊಬ್ಬ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ಒಳಗಿರುವ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ. ‘ತಪ್ಪು ಮಾಡಿದವನು’ ಎಂಬ ಪದವೇ ಅವರಿಗೆ ಅನ್ವಯಿಸುವುದಿಲ್ಲ. ಇನ್ನು ಶಿಕ್ಷೆಯಾದವರಲ್ಲೂ ಎಲ್ಲರೂ ಕತ್ತಿ ಹಿಡಿದವರಲ್ಲ. ಹೊಲದ ಬದುವಿನ ಜಗಳ ಹೆಣ ಬೀಳುವವರೆಗೆ ಬೆಳೆದಾಗ ಅಕ್ರಮ ಕೂಟದ ಕಲಮು ಸೇರುತ್ತದೆ. ಹಿಂದಿನ ಭಾರತೀಯ ದಂಡ ಸಂಹಿತೆಯ 149ನೇ ಕಲಂ ಪ್ರಕಾರ ಕೂಟದಲ್ಲಿದ್ದ ಪ್ರತಿಯೊಬ್ಬರೂ ಕೃತ್ಯಕ್ಕೆ ಹೊಣೆ. ಹೀಗಾಗಿ ಮಗನ ಜೊತೆ ಅಪ್ಪ, ಅಣ್ಣನ ಜೊತೆ ತಮ್ಮ ಒಂದೇ ಪ್ರಕರಣದಲ್ಲಿ ಒಳಗೆ ಹೋಗುವುದುಂಟು. ವರದಕ್ಷಿಣೆ ಸಾವಿನ ಪ್ರಕರಣಗಳಲ್ಲಿ ಅತ್ತೆ ಮಾವಂದಿರು ಇಳಿವಯಸ್ಸಿನಲ್ಲೇ ಮೊದಲ ಬಾರಿ ಜೈಲು ಕಾಣುತ್ತಾರೆ. ಉಳಿದವರು ಹರೆಯದಲ್ಲಿ ಒಳಗೆ ಹೋಗಿ, ಮೇಲ್ಮನವಿ, ಪೆರೋಲು, ಸನ್ನಡತೆಯ ಪಟ್ಟಿಗಳ ನಡುವೆ ಅಲ್ಲೇ ತಲೆ ನರೆತವರು.

ಇವರು ಎಷ್ಟು ಮಂದಿ ಎಂದು ಕೇಳಿದರೆ ರಾಷ್ಟ್ರೀಯ ವರದಿಯಲ್ಲಿ ಉತ್ತರ ಸಿಗದು. ಅದರಲ್ಲಿ ವಯಸ್ಕ ಬಂದಿಗಳನ್ನು 18ರಿಂದ 30, 30ರಿಂದ 50, 50 ಮತ್ತು ಅದಕ್ಕೂ ಮೇಲೆ ಎಂದು ಮೂರೇ ಪಾಲು ಮಾಡಲಾಗಿದೆ. 51ರ ಗಟ್ಟಿಮುಟ್ಟಾದವನೂ, ಎದ್ದು ಪಾಯಿಖಾನೆಗೆ ಹೋಗಲಾರದ 85ರ ಮುದುಕನೂ ಒಂದೇ ಕಾಲಮಿನಲ್ಲಿದ್ದಾರೆ. ಇತ್ತ ಹಿರಿಯ ನಾಗರಿಕರ 2007ರ ಕಾಯ್ದೆ 60 ತುಂಬಿದವರನ್ನು ವೃದ್ಧರೆಂದು ಗುರುತಿಸಿ, ಅದರ 20ನೇ ಕಲಮಿನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅವರಿಗೆ ಹಾಸಿಗೆ, ಪ್ರತ್ಯೇಕ ಸಾಲು ಇರಬೇಕೆಂದು ಹೇಳುತ್ತದೆ. ಒಂದೇ ರಾಜ್ಯದಲ್ಲಿ, ಒಂದೇ ವಯಸ್ಸಿನ ಇಬ್ಬರಲ್ಲಿ ಹೊರಗಿನವನು ವೃದ್ಧನೆಂದು ಲೆಕ್ಕಕ್ಕೆ ಬರುತ್ತಾನೆ, ಒಳಗಿನವನು ಬರುವುದಿಲ್ಲ. ಲೆಕ್ಕವೇ ಇಲ್ಲದ ಮಂದಿಗೆ ಸರ್ಕಾರದ ಹಣವೆಲ್ಲ ಹರಿದುಹೋಗುತ್ತಿದೆ ಎಂಬ ಆತಂಕಕ್ಕೆ ಆಧಾರವಾದರೂ ಏನು?

ಈಗ ಮೊದಲ ವಾದ. ನ್ಯಾಯಾಧೀಶರು ತೆರೆದ ನ್ಯಾಯಾಲಯದಲ್ಲಿ ಕೂತು, ಎರಡೂ ಕಡೆಯ ವಾದ ಕೇಳಿ ಬರೆಯುವ ಆದೇಶದಲ್ಲಿ ಇರುವುದು ಇಂತಿಷ್ಟು ವರ್ಷ ಸೆರೆವಾಸ, ಇಂತಿಷ್ಟು ದಂಡ. ಪ್ರಾಸ್ಟೇಟ್ ಕ್ಯಾನ್ಸರಿಗೆ ನೋವು ನಿವಾರಕ ಕೊಡಬಾರದು, ಕಣ್ಣಿನ ಪೊರೆ ತೆಗೆಸಬಾರದು, ಉಸಿರಾಟದ ತೊಂದರೆಗೆ ವಾರಗಟ್ಟಲೆ ಕಾಯಿಸಬೇಕು ಎಂದು ಯಾವ ತೀರ್ಪಿನಲ್ಲೂ ಇಲ್ಲ. ತೀರ್ಪಿನಲ್ಲಿ ಇಲ್ಲದ ನೋವನ್ನು ಜೈಲಿನ ಅಧಿಕಾರಿಯೋ ಅಲ್ಲಿನ ವ್ಯವಸ್ಥೆಯೋ ಸೇರಿಸಿದರೆ ಅದು ಶಿಕ್ಷೆಯಲ್ಲ, ಶಿಕ್ಷೆಯ ಮೇಲೊಂದು ಅಕ್ರಮ. ಸಂವಿಧಾನದ 21ನೇ ವಿಧಿ ಜೈಲಿನ ಬಾಗಿಲಲ್ಲಿ ನಿಂತುಹೋಗುವುದಿಲ್ಲ ಎಂಬುದನ್ನು ಸುನಿಲ್ ಬಾತ್ರಾ ಪ್ರಕರಣದಲ್ಲಿ, 1978ರಷ್ಟು ಹಿಂದೆಯೇ, ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಇದು ಇತ್ತೀಚಿನ ಉದಾರ ಚಿಂತನೆಯ ಫಲವೂ ಅಲ್ಲ. ಬಂದಿಗಳ ಬಗ್ಗೆ ಯಾವ ಮಮತೆಯೂ ಇಲ್ಲದ ಬ್ರಿಟಿಷ್ ಆಡಳಿತ 1894ರಲ್ಲಿ ತಂದ ಕಾರಾಗೃಹ ಕಾಯ್ದೆಯೇ ಪ್ರತಿ ಜೈಲಿನಲ್ಲೂ ಆಸ್ಪತ್ರೆ ಅಥವಾ ರೋಗಿಗಳಿಗೆ ಸೂಕ್ತ ಜಾಗ ಇರಬೇಕೆಂದು 39ನೇ ಕಲಮಿನಲ್ಲಿ ಕಡ್ಡಾಯ ಮಾಡಿತ್ತು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 24ನೆಯದು ಹೊರಗಿನ ಸಮಾಜಕ್ಕೆ ಸಿಗುವ ಮಟ್ಟದ ಚಿಕಿತ್ಸೆ ಒಳಗೂ ಸಿಗಬೇಕೆನ್ನುತ್ತದೆ; 27ನೆಯದು ಚಿಕಿತ್ಸೆಯ ತೀರ್ಮಾನ ವೈದ್ಯರದು, ಅದನ್ನು ಜೈಲು ಸಿಬ್ಬಂದಿ ತಳ್ಳಿಹಾಕುವಂತಿಲ್ಲ ಎನ್ನುತ್ತದೆ.

ಕಾನೂನಿನ ಕಲಮುಗಳನ್ನು ಬದಿಗಿಟ್ಟರೂ ತರ್ಕ ಅಲ್ಲಿಗೇ ಬಂದು ನಿಲ್ಲುತ್ತದೆ. ಮುದ್ದೇಬಿಹಾಳದ ಬಡ ರೈತನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು ಸಿಗದಿದ್ದರೆ ಅವನು ಸಾಲ ಮಾಡಬಲ್ಲ, ಎಮ್ಮೆ ಮಾರಬಲ್ಲ, ನೆಂಟರನ್ನು ಕರೆದುಕೊಂಡು ಮಿರಜಿನ ರೈಲು ಹತ್ತಬಲ್ಲ. ಅದು ಕಷ್ಟದ ದಾರಿ, ಆದರೂ ದಾರಿಯೇ. ಬಂದಿಗೆ ಆ ದಾರಿಯನ್ನು ಸರ್ಕಾರವೇ ಬೀಗ ಹಾಕಿ ಮುಚ್ಚಿದೆ. ತನ್ನ ಕೈಯಾರೆ ತಾನು ಬದುಕಿಕೊಳ್ಳುವ ಶಕ್ತಿಯನ್ನು ಒಬ್ಬನಿಂದ ಕಸಿದುಕೊಂಡವರು ಅವನ ಬದುಕಿನ ಹೊಣೆಯನ್ನೂ ಹೊರಬೇಕು. ಇದರಲ್ಲಿ ದಯೆಯ ಮಾತೇ ಇಲ್ಲ. ಬಸವಣ್ಣ ಹುಟ್ಟಿದ ನೆಲದಲ್ಲಿ ದಯೆ ದೊಡ್ಡ ಮೌಲ್ಯ, ನಿಜ. ಆದರೆ ದಯೆಯನ್ನು ತೋರಬಹುದು, ತೋರದೆಯೂ ಇರಬಹುದು. ಹೊಣೆಗೆ ಆ ಆಯ್ಕೆ ಇಲ್ಲ. ವೃದ್ಧ ಬಂದಿಯ ಚಿಕಿತ್ಸೆಯನ್ನು ದಯೆಯ ಖಾತೆಗೆ ಹಾಕಿದ್ದೇ ಈ ಚರ್ಚೆಯ ಮೂಲ ಗೊಂದಲ. ಅವನ ವಿರೋಧಿಗಳಷ್ಟೇ ಅವನ ಹಿತೈಷಿಗಳೂ ಆ ತಪ್ಪು ಮಾಡುತ್ತಾರೆ.

ಎರಡನೆಯ ವಾದ ಹಣದ್ದು. ಇಲ್ಲಿ ಹೊರಗಿನ ಬಡವನೂ ಒಳಗಿನ ಬಂದಿಯೂ ಒಂದೇ ಹಾಸಿಗೆಗೆ ಪೈಪೋಟಿ ನಡೆಸುತ್ತಿದ್ದಾರೆ ಎಂದು ಊಹಿಸಲಾಗಿದೆ. ವಾಸ್ತವದಲ್ಲಿ ವೃದ್ಧ ಬಂದಿಯ ಚಿಕಿತ್ಸೆ ತಡವಾಗುವುದಕ್ಕೆ ಔಷಧದ ದುಡ್ಡಿಗಿಂತ ದೊಡ್ಡ ಕಾರಣ ಬೆಂಗಾವಲು. ವಿಜಯಪುರದ ಕೇಂದ್ರ ಕಾರಾಗೃಹದಲ್ಲಿ, ಜನ ದರ್ಗಾ ಜೈಲು ಎನ್ನುವ ಕಡೆ, ರಾತ್ರಿ ಉಸಿರು ಕಟ್ಟಿದ ಮುದುಕನೊಬ್ಬ ಇದ್ದಾನೆಂದುಕೊಳ್ಳಿ. ಅವನ ಪಕ್ಕದ ಬಂದಿ ಕೂಗಬೇಕು, ಪಹರೆಯವನು ಬರಬೇಕು, ಬ್ಯಾರಕಿನ ಬೀಗ ತೆರೆಯಲು ಅನುಮತಿ ಬೇಕು, ಜೈಲಿನ ವೈದ್ಯಾಧಿಕಾರಿ ನೋಡಬೇಕು. ಅವರು ಜಿಲ್ಲಾ ಆಸ್ಪತ್ರೆಗೆ ಬರೆದುಕೊಟ್ಟ ಮೇಲೆ ಸಶಸ್ತ್ರ ಮೀಸಲು ಪಡೆಯ ಪೊಲೀಸರು ಬರಬೇಕು. ಜಾತ್ರೆ, ಚುನಾವಣೆ, ಗಣ್ಯರ ಭೇಟಿ ಇದ್ದರೆ ಆ ಪಡೆ ಬಂದೋಬಸ್ತಿನಲ್ಲಿರುತ್ತದೆ. ತಜ್ಞರನ್ನು ಕಾಣುವ ದಿನ ಮುಂದಕ್ಕೆ ಹೋಗುತ್ತದೆ. ತಡವಾದ ಕಾಯಿಲೆ ತುರ್ತು ಕಾಯಿಲೆಯಾಗುತ್ತದೆ, ತುರ್ತು ಕಾಯಿಲೆಗೆ ಖರ್ಚೂ ಹೆಚ್ಚು. ಸಕಾಲಕ್ಕೆ ಕೊಡುವ ರಕ್ತದೊತ್ತಡದ ಗುಳಿಗೆ ಅಗ್ಗ; ಲಕ್ವ ಹೊಡೆದ ಮೇಲೆ ಇಬ್ಬರು ಪೊಲೀಸರ ಕಾವಲಿನಲ್ಲಿ ವಾರಗಟ್ಟಲೆ ಆಸ್ಪತ್ರೆಯಲ್ಲಿಡುವುದು ದುಬಾರಿ. ಹಣ ಉಳಿಸಬೇಕೆನ್ನುವವರೇ ಮೊದಲು ಒಪ್ಪಬೇಕಾದ ಲೆಕ್ಕ ಇದು. ಹೊರಗಿನ ಬಡವನಿಗೆ ಚಿಕಿತ್ಸೆ ಸಿಗದಿರುವುದು ನಿಜವಾದ ಅನ್ಯಾಯ. ಆದರೆ ಒಳಗಿನವನಿಗೆ ತಪ್ಪಿಸಿದರೆ ಅವನಿಗೆ ಸಿಗುತ್ತದೆಯೇ? ಸಿಂದಗಿಯ ಆಸ್ಪತ್ರೆಗೆ ಒಬ್ಬ ತಜ್ಞರೂ ಹೆಚ್ಚಾಗಿ ಬರುವುದಿಲ್ಲ.

ಸಣ್ಣ ವಸ್ತುವೊಂದು ಈ ವ್ಯವಸ್ಥೆಯನ್ನು ಬಯಲಿಗೆಳೆದ ಉದಾಹರಣೆ ನಮ್ಮ ಮುಂದಿದೆ. ಹಿಂದೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ನಿರ್ದೇಶಕರಾಗಿದ್ದ ಫಾದರ್ ಸ್ಟ್ಯಾನ್ ಸ್ವಾಮಿ ಅವರನ್ನು 2020ರ ಅಕ್ಟೋಬರ್‌ನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿಸಿ ತಳೋಜಾ ಜೈಲಿನಲ್ಲಿಟ್ಟರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದ ಅವರು ನೀರು ಕುಡಿಯಲು ಸ್ಟ್ರಾ ಮತ್ತು ಸಿಪ್ಪರ್ ಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಅದಕ್ಕೆ ಉತ್ತರಿಸಲು ತನಿಖಾ ಸಂಸ್ಥೆ 20 ದಿನ ಕೇಳಿತು. ಜಾಮೀನು ಅರ್ಜಿ ಇತ್ಯರ್ಥವಾಗುವ ಮೊದಲೇ, 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಮೇಲಿನ ಆರೋಪ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಸಿಪ್ಪರಿಗೆ ತಗಲುವ ಹಣ ಯಾವ ಬಡವನ ಪಾಲನ್ನೂ ಕಸಿಯುವುದಿಲ್ಲ. ಅಲ್ಲಿ ಕೊರತೆಯಿದ್ದದ್ದು ದುಡ್ಡಿನದ್ದಲ್ಲ. ಇದನ್ನು ತೀರ್ಮಾನಿಸುವವರು ಯಾರು, ಎಷ್ಟು ದಿನದೊಳಗೆ ಎಂಬ ನಿಯಮದ್ದು.

ಇಲ್ಲೇ ಇಡೀ ವ್ಯವಸ್ಥೆಯ ದೊಡ್ಡ ವಿಪರ್ಯಾಸ ಕಾಣುತ್ತದೆ. ಬಂದಿಯೊಬ್ಬ ಸತ್ತರೆ ಎಲ್ಲಕ್ಕೂ ಗಡುವಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ 24 ಗಂಟೆಯೊಳಗೆ ವರದಿ ಹೋಗಬೇಕೆಂಬ ಸೂಚನೆ 1993ರಿಂದಲೂ ಇದೆ. ಮ್ಯಾಜಿಸ್ಟ್ರೇಟರ ವಿಚಾರಣೆ, ಶವಪರೀಕ್ಷೆ, ಚಿತ್ರೀಕರಣ ಎಲ್ಲವೂ ನಡೆಯುತ್ತವೆ. 2022ರಲ್ಲಿ ದೇಶದ ಜೈಲುಗಳಲ್ಲಿ ಸತ್ತ 1,995 ಮಂದಿಯಲ್ಲಿ 1,773 ಮಂದಿಯದು ಸಹಜ ಸಾವು ಎಂದು ದಾಖಲಾಯಿತು. ಸಹಜ ಸಾವು ಎಂದರೆ ಬಹುಪಾಲು ಕಾಯಿಲೆಯ ಸಾವು, ಅಂದರೆ ಮುಂಚೆಯೇ ಸುಳಿವು ಕೊಟ್ಟ ಸಾವು. ಸತ್ತ ಮೇಲೆ ಇಷ್ಟು ಚುರುಕಾಗಿ ಕೆಲಸ ಮಾಡುವ ಆಡಳಿತಕ್ಕೆ, ಸಾಯುತ್ತಿರುವವನ ವಿಷಯದಲ್ಲಿ ಇಂತಹ ಒಂದು ಗಡುವೂ ಇಲ್ಲ. ವೈದ್ಯರು ‘ಇನ್ನು ಗುಣವಾಗದು’ ಎಂದು ಬರೆದ ದಿನದಿಂದ ಎಷ್ಟು ದಿನದಲ್ಲಿ ಕಡತ ಮೇಲೆ ಹೋಗಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು ಎಂಬುದು ಯಾರನ್ನೂ ಕಟ್ಟಿಹಾಕುವುದಿಲ್ಲ.

ಮೂರನೆಯ ವಾದ ನೆಪದ್ದು. ಬಂಧನದ ವಾರಂಟ್ ಬಂದೊಡನೆ ಎದೆನೋವು ಹಿಡಿದು ಖಾಸಗಿ ಆಸ್ಪತ್ರೆಯ ವಿಶೇಷ ಕೊಠಡಿ ಸೇರುವ ಪ್ರಭಾವಿಗಳನ್ನು ಜನ ಟಿವಿಯಲ್ಲಿ ನೋಡಿದ್ದಾರೆ. ಆದ್ದರಿಂದ ಈ ಸಂಶಯ ಆಧಾರವಿಲ್ಲದ್ದೇನಲ್ಲ. ಆದರೆ ಅದರಿಂದ ಹೊರಡುವ ತೀರ್ಮಾನ ಯಾವುದು? ಪ್ರಭಾವಿಗಳು ಲಾಭ ಪಡೆಯುವುದು ಎಲ್ಲವೂ ವಿವೇಚನೆಗೆ ಬಿಟ್ಟಿರುವುದರಿಂದ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಂ ಕಾಯಿಲೆಯವರಿಗೆ, ದುರ್ಬಲರಿಗೆ ಜಾಮೀನು ‘ಕೊಡಬಹುದು’ ಎನ್ನುತ್ತದೆ; ಆ ‘ಬಹುದು’ ತನ್ನ ಪರ ಆಗಬೇಕಾದರೆ ಒಳ್ಳೆಯ ವಕೀಲರು ಬೇಕು, ವೈದ್ಯಕೀಯ ದಾಖಲೆಗಳು ಬೇಕು. ವಿಜಯಪುರ ಜಿಲ್ಲೆಯವರ ಹೈಕೋರ್ಟ್ ಪೀಠ ಇರುವುದು 150 ಕಿ.ಮೀ.ಗೂ ಆಚೆಯ ಕಲಬುರಗಿಯಲ್ಲಿ. ಬಾಗೇವಾಡಿಯ ಹಳ್ಳಿಯಿಂದ ಅಲ್ಲಿಗೆ ಹೋಗಿ ವಕೀಲರನ್ನು ಹಿಡಿಯಬಲ್ಲ ಮುದುಕನ ಮಗ ಯಾರು? ಪ್ರತಿ ಬಂದಿಯನ್ನೂ 60 ತುಂಬಿದ ಮೇಲೆ ಸರ್ಕಾರಿ ವೈದ್ಯರ ಮಂಡಳಿ ನಿಗದಿತ ಅವಧಿಗೊಮ್ಮೆ ಕಡ್ಡಾಯವಾಗಿ ಪರೀಕ್ಷಿಸಿದರೆ ನಟಿಸುವವರೂ ಸಿಕ್ಕಿಬೀಳುತ್ತಾರೆ, ನಿಜವಾಗಿ ನರಳುವವರೂ ಕಾಣಿಸುತ್ತಾರೆ. ಮೋಸದ ಭಯವಿದ್ದರೆ ಪರೀಕ್ಷೆ ಬಿಗಿಯಾಗಬೇಕೇ ಹೊರತು ಬಾಗಿಲು ಮುಚ್ಚಬಾರದು.

ಇನ್ನೊಂದು ದಿಕ್ಕಿನಿಂದ ಬರುವ ಅವಸರದ ಉತ್ತರವೂ ಇದೆ: ವಯಸ್ಸಾದವರನ್ನೆಲ್ಲ ಬಿಟ್ಟುಬಿಡಿ, ಊರಲ್ಲಿ ಮಕ್ಕಳ ಮಡಿಲಲ್ಲಿ ಸಾಯಲಿ. ಬಿಡುಗಡೆ ಹಲವರ ಪಾಲಿಗೆ ಸರಿಯಾದ ಮಾರ್ಗವೇ. ರಶೀದುಲ್ ಜಾಫರ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶಕ್ಕೆ, ಅವಧಿಪೂರ್ವ ಬಿಡುಗಡೆಯ ಅರ್ಜಿಗಳಲ್ಲಿ 70 ದಾಟಿದವರಿಗೂ ಮಾರಕ ಕಾಯಿಲೆಯವರಿಗೂ ಆದ್ಯತೆ ಕೊಡಲು ಹೇಳಿತು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2024ರ ಡಿಸೆಂಬರ್‌ನಲ್ಲಿ ಇಂತಹ ಬಂದಿಗಳಿಗಾಗಿ ಅಭಿಯಾನ ಆರಂಭಿಸಿ, ಮರುವರ್ಷ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಆದರೂ ಎರಡು ತೊಡಕುಗಳಿವೆ. ಮೊದಲನೆಯದು, ಬಿಡುಗಡೆಯ ಯೋಜನೆಗಳು ಜೈಲಿನಲ್ಲಿ ಮುದುಕರಾಗುವವರನ್ನೇ ಹೊರಗಿಡುತ್ತವೆ. ಸ್ವಾತಂತ್ರ್ಯದ ಅಮೃತ ಮಹೋತ್ಸವದ ವಿಶೇಷ ಮಾಫಿಯಲ್ಲಿ 60 ದಾಟಿದ, ಅರ್ಧ ಶಿಕ್ಷೆ ಮುಗಿಸಿದ ಪುರುಷರಿಗೆ ಅವಕಾಶವಿತ್ತು, ಆದರೆ ಜೀವಾವಧಿ ಶಿಕ್ಷೆಯವರಿಗೆ ಇರಲಿಲ್ಲ. ಮರಣದಂಡನೆಯೂ ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಪಡೆದವರು 14 ವರ್ಷ ಪೂರೈಸಲೇಬೇಕೆಂಬ ನಿಯಮ ಹಳೆಯ 433ಎ ಕಲಮಿನಿಂದ ಹೊಸ ಸಂಹಿತೆಯ 475ನೇ ಕಲಮಿಗೆ ಹಾಗೇ ಬಂದಿದೆ. ಮೂವತ್ತರಲ್ಲಿ ಒಳಗೆ ಹೋದವನಿಗೆ ಆ 14 ವರ್ಷ ಬದುಕಿನ ಒಂದು ಭಾಗ. 65ರಲ್ಲಿ ಹೋದವನಿಗೆ ಉಳಿದ ಬದುಕೆಲ್ಲ ಅದೇ. ಸಂವಿಧಾನದ 161ನೇ ವಿಧಿಯಡಿ ರಾಜ್ಯಪಾಲರಿಗಿರುವ ಅಧಿಕಾರಕ್ಕೆ ಈ ಮಿತಿ ಇಲ್ಲ, ಆದರೆ ಆ ಕಡತ ಸಚಿವ ಸಂಪುಟದ ದಾರಿಯಲ್ಲಿ ಸಾಗಬೇಕು, ಕ್ಯಾನ್ಸರ್ ಅಷ್ಟು ದಿನ ಕಾಯುವುದಿಲ್ಲ.

ಎರಡನೆಯ ತೊಡಕು ಈ ನಾಲ್ಕು ತಾಲ್ಲೂಕುಗಳ ವಾಸ್ತವ. ಮಕ್ಕಳು ಗುಳೆ ಹೋದ ಮನೆಗೆ ಹಾಸಿಗೆ ಹಿಡಿದ ಮುದುಕನನ್ನು ತಂದಿಳಿಸಿದರೆ ಗಂಜಿ ಕಾಯಿಸುವವರು, ಮೈ ಒರೆಸುವವರು ಯಾರು? ಭೀಮಾ ತೀರದ ಊರುಗಳಲ್ಲಿ ಹಳೆಯ ದ್ವೇಷ ತಲೆಮಾರು ದಾಟಿ ಬದುಕಿರುತ್ತದೆ. ಅಲ್ಲಿಗೆ ಮರಳುವುದು ಅವನಿಗೂ ಅಪಾಯ, ಎದುರು ಮನೆಯವರಿಗೂ ಕೆಣಕು. ಹೋಗಲು ಮನೆಯೇ ಇಲ್ಲದವನನ್ನು ಗೇಟಿನ ಹೊರಗೆ ಬಿಟ್ಟು ‘ಬಿಡುಗಡೆ’ ಎಂದು ಬರೆದುಕೊಳ್ಳುವುದು ಸರ್ಕಾರ ಕೈತೊಳೆದುಕೊಳ್ಳುವ ಉಪಾಯ. ಹೀಗಾಗಿ ಬಿಡುಗಡೆಯನ್ನು ಚಿಕಿತ್ಸೆಯ ಬದಲಿಗೆ ಇಡಲಾಗದು. ಮನೆಯಿರುವವನನ್ನು ಮನೆಗೆ ಕಳಿಸಬೇಕು, ಇಲ್ಲದವನನ್ನು ಸರ್ಕಾರವೇ ಕೊನೆವರೆಗೆ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಸಂತ್ರಸ್ತರ ಮನೆಯವರದ್ದು: ‘ನಮ್ಮವರು ಹೊಲದಾಗ ಒಬ್ಬರೇ ಒದ್ದಾಡಿ ಸತ್ತರು, ಅವನಿಗೇಕೆ ನೆಮ್ಮದಿಯ ಸಾವು?’ ಈ ಪ್ರಶ್ನೆಯ ಮುಂದೆ ದೊಡ್ಡ ದೊಡ್ಡ ಮಾತುಗಳು ನಿಲ್ಲುವುದಿಲ್ಲ. ಅವರಿಗೆ ತೀರ್ಪು ಸಲ್ಲಬೇಕು, ಪರಿಹಾರ ಸಲ್ಲಬೇಕು, ಬಿಡುಗಡೆಯ ತೀರ್ಮಾನಕ್ಕೆ ಮೊದಲು ಅವರ ಮಾತು ಕೇಳಬೇಕು, ಅವರ ಸುರಕ್ಷತೆಗೆ ಷರತ್ತು ಹಾಕಬೇಕು. ಬಿಡುಗಡೆ ಬೇಡವೆಂದು ಅವರು ಹೇಳಿದರೆ ಅದಕ್ಕೆ ತೂಕವಿದೆ. ಆದರೆ ನೋವಿನ ಮದ್ದು ಬೇಡ ಎಂದರೆ ಅದಕ್ಕೆ ತೂಕ ಕೊಡಲಾಗದು. ಕಾರಣ, ಸೇಡನ್ನು ಖಾಸಗಿಯವರ ಕೈಯಿಂದ ಕಿತ್ತುಕೊಂಡು ಕಾನೂನಿನ ಕೈಗೆ ಕೊಟ್ಟದ್ದೇ ನ್ಯಾಯ ವ್ಯವಸ್ಥೆಯ ಮೊದಲ ಕೆಲಸ. ಭೀಮಾ ತೀರದಲ್ಲಿ ಅದು ಕೈತಪ್ಪಿದರೆ ಏನಾಗುತ್ತದೆಂದು ಯಾರಿಗೂ ಹೇಳಿಕೊಡಬೇಕಿಲ್ಲ.

ಕೊನೆಗಾಲದ ಆರೈಕೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಘನತೆಯ ಸಾವನ್ನು ಬದುಕಿನ ಹಕ್ಕಿನ ಭಾಗವೆಂದು ಒಪ್ಪಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಗುಣವಾಗದ ರೋಗಿಗೆ ಜೀವರಕ್ಷಕ ಯಂತ್ರ ಮುಂದುವರಿಸಬೇಕೇ ಎಂಬುದನ್ನು ರೋಗಿಯ ಮುಂಗಡ ಇಚ್ಛಾಪತ್ರ, ಬಂಧುಗಳ ಒಪ್ಪಿಗೆ, ಎರಡು ಹಂತದ ವೈದ್ಯ ಮಂಡಳಿಗಳು ತೀರ್ಮಾನಿಸುತ್ತವೆ. ಆದರೆ ಆ ರೋಗಿ ಬಂದಿಯಾಗಿದ್ದರೆ? ಅವನ ಹೆಂಡತಿ ಮುದ್ದೇಬಿಹಾಳದ ಹಳ್ಳಿಯಲ್ಲಿ ಸುಮಾರು 80 ಕಿ.ಮೀ. ದೂರದಲ್ಲಿದ್ದಾಳೆ, ಹಾಸಿಗೆಯ ಪಕ್ಕದಲ್ಲಿರುವವನು ಕಾವಲು ಪೊಲೀಸ್. ಅವನ ಇಚ್ಛೆಯನ್ನು ಪ್ರಜ್ಞೆ ಇರುವಾಗಲೇ ಕೇಳಿ ಬರೆಸಿಕೊಳ್ಳದಿದ್ದರೆ, ಕೊನೆಗಳಿಗೆಯಲ್ಲಿ ಅವನ ಪರವಾಗಿ ಮಾತಾಡಲು ಕಾವಲಿನವರನ್ನು ಬಿಟ್ಟು ಯಾರೂ ಇರುವುದಿಲ್ಲ. ಸಾಯುವ ಬಂದಿಯನ್ನು ಜೈಲಿನೊಳಗೇ ಘನತೆಯಿಂದ ನೋಡಿಕೊಳ್ಳುವುದು ಅಸಾಧ್ಯವೇನಲ್ಲ. ಅಮೆರಿಕದಲ್ಲೇ ಅತ್ಯಂತ ಕಠಿಣವೆಂದು ಹೆಸರಾದ ಲೂಸಿಯಾನದ ಅಂಗೋಲಾ ಜೈಲಿನಲ್ಲಿ 1998ರಿಂದ, ತರಬೇತಿ ಪಡೆದ ಬಂದಿಗಳೇ ಸಾಯುತ್ತಿರುವ ಬಂದಿಗಳ ಆರೈಕೆ ಮಾಡುತ್ತಾರೆ. ನಮ್ಮಲ್ಲೂ ಮಾದಕ ವಸ್ತು ಕಾಯ್ದೆಗೆ ತಂದ 2014ರ ತಿದ್ದುಪಡಿ ಮಾರ್ಫಿನ್‌ನಂತಹ ನೋವು ನಿವಾರಕಗಳ ಪರವಾನಗಿಯನ್ನು ಸರಳ ಮಾಡಿದೆ. ಮಾರ್ಫಿನ್ ದುಬಾರಿ ಔಷಧವೂ ಅಲ್ಲ.

ಇಷ್ಟು ತರ್ಕ ಒಪ್ಪಿಗೆಯಾದರೆ ಮಾಡಬೇಕಾದ ಕೆಲಸಗಳು ತಾವಾಗಿ ಹೊರಡುತ್ತವೆ:

1. ಜೈಲಿನ ಅಂಕಿಅಂಶಗಳಲ್ಲಿ 60, 70, 80 ದಾಟಿದವರನ್ನು ಬೇರೆ ಬೇರೆಯಾಗಿ ಎಣಿಸಿ ಪ್ರತಿ ವರ್ಷ ಪ್ರಕಟಿಸಬೇಕು.

2. ಗುಣವಾಗದ ಕಾಯಿಲೆ ಎಂದು ವೈದ್ಯರ ಮಂಡಳಿ ಬರೆದ ದಿನದಿಂದ ಗಡುವು ಆರಂಭವಾಗಬೇಕು. ಆ ಗಡುವಿನೊಳಗೆ ಜಾಮೀನು, ಪೆರೋಲು ಅಥವಾ ಬಿಡುಗಡೆಯ ತೀರ್ಮಾನ ಲಿಖಿತವಾಗಿ, ಕಾರಣ ಸಹಿತ ಬರಬೇಕು.

3. ತಜ್ಞ ಚಿಕಿತ್ಸೆಗೆ ಬೆಂಗಾವಲು ಸಿಗಲಿಲ್ಲವೆಂಬುದು ಒಪ್ಪುವ ಕಾರಣವಾಗಬಾರದು. ಪ್ರತಿ ಕೇಂದ್ರ ಕಾರಾಗೃಹಕ್ಕೆ ಆಸ್ಪತ್ರೆ ಕೆಲಸಕ್ಕೆಂದೇ ಮೀಸಲಾದ ತಂಡ ಬೇಕು.

4. ಕೊನೆಗಾಲದ ಬಂದಿಯನ್ನು, ಅಪಾಯವಿಲ್ಲದಿದ್ದರೆ, ಬಂಧುಗಳಿಗೆ ಹತ್ತಿರವಾದ ತಾಲ್ಲೂಕು ಆಸ್ಪತ್ರೆಯಲ್ಲಿಡಬೇಕು. ಮನೆಯವರು ಬಂದು ಕೂರಲು ಅಲ್ಲಿ ಅವಕಾಶವಿರಬೇಕು. ಹಾಸಿಗೆಗೆ ಸರಪಳಿ ಬಿಗಿಯಬಾರದು. ರೋಗಿಯನ್ನು ಹಾಸಿಗೆಗೆ ಕಟ್ಟುವುದನ್ನು ಸುಪ್ರೀಂ ಕೋರ್ಟ್ 1995ರಲ್ಲೇ ಖಂಡಿಸಿದೆ.

5. ಬಂದಿಯ ಮುಂಗಡ ಇಚ್ಛಾಪತ್ರವನ್ನು ಬರೆಸಿ ದಾಖಲಿಸುವ ಕೆಲಸ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ್ದಾಗಬೇಕು, ಜೈಲಿನದ್ದಲ್ಲ.

ಇವುಗಳಲ್ಲಿ ಬಹುಪಾಲಿಗೆ ದೆಹಲಿಯ ಕಡೆ ಕೈ ತೋರಿಸಬೇಕಾಗಿಲ್ಲ. ಕಾರಾಗೃಹ ಸಂವಿಧಾನದ ರಾಜ್ಯ ಪಟ್ಟಿಯ ನಾಲ್ಕನೇ ನಮೂದು. ಸರ್ಕಾರಿ ಆಸ್ಪತ್ರೆಗಳೂ ರಾಜ್ಯದ್ದೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ವಿಧಾನಸಭಾ ಕ್ಷೇತ್ರಗಳು. ಅಲ್ಲಿಂದ ಗೆದ್ದುಹೋದ ನಾಲ್ವರಲ್ಲಿ ಒಬ್ಬರಾದರೂ ಸದನದಲ್ಲಿ ಎದ್ದು ನಿಂತು, ದರ್ಗಾ ಜೈಲಿನಲ್ಲಿ 60 ದಾಟಿದವರು ಎಷ್ಟು ಮಂದಿ, ಅವರಲ್ಲಿ ಮಾರಕ ಕಾಯಿಲೆಯವರು ಎಷ್ಟು, ಅವರ ಕಡತಗಳು ಯಾವ ಮೇಜಿನ ಮೇಲೆ ಎಷ್ಟು ದಿನದಿಂದ ಇವೆ ಎಂದು ಕೇಳಲಿ. ಲಿಖಿತ ಉತ್ತರ ಕೊಡದೆ ಸರ್ಕಾರಕ್ಕೆ ಗತ್ಯಂತರವಿರುವುದಿಲ್ಲ. ಮತ ಕೇಳಲು ಬಂದವರಿಗೆ ಈ ಪ್ರಶ್ನೆಯನ್ನು ಮೊದಲು ಹಾಕಬೇಕಾದವರು ನಾವು.